ಸದ್ದಿಲ್ಲದೆ ಬೆಟ್ಟ ಇಳಿದವನು

‘ಗುರುಗಳೇ, ಕರೆಂಟಿನ ಗಾಡಿ ಡೀಸೆಲ್ ಗಾಡಿಯ ಜಾಗಕ್ಕೆ ಬಂದೀತೇ? ಹೌದು ಅನ್ನಿ, ಇಲ್ಲ ಅನ್ನಿ. ಸುತ್ತಿ ಬಳಸಿ ಮಾತ್ರ ಹೇಳಬೇಡಿ.’

ಕೇಳಿದವನು ಕಲ್ಲೇಶಿ, ಮಠದ ಗಾಡಿ ಓಡಿಸುವ ಶಿಷ್ಯ. ಕೇಳಿದ ಧಾಟಿ ಕೇಳುವವನದಾಗಿರಲಿಲ್ಲ, ತೀರ್ಪು ಕೊಡುವವನದಾಗಿತ್ತು. ಗಾಡಿಯ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರನೆ ತಿರುಗಿಸುತ್ತಲೇ ಕೇಳಿದ.

ಸಿಟ್ಟಿಗೆ ಕಾರಣವಿತ್ತು. ಮಠ ಇರುವುದು ಬೆಟ್ಟದ ಮೇಲೆ. ಭಕ್ತರೊಬ್ಬರು ಒಂದು ಬ್ಯಾಟರಿ ಲಾರಿ ಕೊಟ್ಟು, ‘ಓಡಿಸಿ ನೋಡಿ. ಒಗ್ಗಿದರೆ ಮಠಕ್ಕೇ ಇರಲಿ, ಒಗ್ಗದಿದ್ದರೆ ವಾಪಸು ಒಯ್ಯುತ್ತೇನೆ’ ಎಂದಿದ್ದರು. ನಿನ್ನೆ ಆ ಲಾರಿ ಅಕ್ಕಿ, ತರಕಾರಿ ಹೇರಿಕೊಂಡು ಬರುತ್ತಾ ಅರ್ಧ ಏರಿನಲ್ಲಿ ನಿಂತುಬಿಟ್ಟಿತು. ದಾಸೋಹಕ್ಕೆ ಕೂತವರು ಖಾಲಿ ಎಲೆಯ ಮುಂದೆ ಕಾದು ಕಾದು ಎದ್ದು ಹೋದರು. ಇಂದು ಆ ಭಕ್ತರು ಉತ್ತರ ಕೇಳಲು ಬರುವವರಿದ್ದರು.

‘ಡೀಸೆಲ್ ಮುಗಿದರೆ ಬೈಕಿನಲ್ಲಿ ಯಾವನೋ ಒಬ್ಬ ಕ್ಯಾನು ಹಿಡಿದು ಬರುತ್ತಾನೆ. ಕರೆಂಟನ್ನು ಯಾವ ಕ್ಯಾನಿನಲ್ಲಿ ತರಲಿ?’ ಎಂದ ಕಲ್ಲೇಶಿ. ‘ಬೆಟ್ಟದಲ್ಲೇ ಹುಟ್ಟಿ ಬೆಳೆದವನು ನಾನು. ನಾನು ಇಳಿಸಿದರೆ ಗಾಡಿ ಸದ್ದಿಲ್ಲದೆ ಗಾಳಿಯಲ್ಲಿ ತೇಲಿದ ಹಾಗೆ ಇಳಿಯುತ್ತದೆ, ಕೂತವರ ಕೈಯ ಲೋಟ ತುಳುಕುವುದಿಲ್ಲ. ಇಂಥ ನನ್ನ ಕೈಯಲ್ಲೇ ನಿಂತಿತು ಅಂದರೆ ಅದು ಲಾರಿಯೇ ಅಲ್ಲ, ಆಟದ ಸಾಮಾನು.’

‘ಕೂತುಕೋ,’ ಎಂದರು ಗುರುಗಳು. ಅವನು ಕೂತ. ಕೀ ತಿರುಗುತ್ತಲೇ ಇತ್ತು. ಗುರುಗಳು ಕತೆ ಹೇಳಿದರು.

ಒಂದು ಬೆಟ್ಟದ ಮೇಲೆ ಒಂದು ಊರಿತ್ತು. ಅಲ್ಲಿಯ ಹೆಂಗಸರು ಕೋಸು, ಮೂಲಂಗಿ ಬೆಳೆಯುತ್ತಿದ್ದರು. ಬೆಳೆದದ್ದನ್ನು ಕೆಳಗಿನ ಪೇಟೆಗೆ ಒಯ್ದು ಮಾರಬೇಕು. ಪೇಟೆಯ ಒಬ್ಬ ವರ್ತಕ ಅವರಿಗಾಗಿ ಒಂದು ಲಾರಿ ಇಟ್ಟಿದ್ದ. ಬೆಳಿಗ್ಗೆ ಹೆಂಗಸರೂ ಕುಕ್ಕೆಗಳೂ ಅದರಲ್ಲಿ ಇಳಿಯುತ್ತಿದ್ದರು. ಸಂಜೆ ಹೆಂಗಸರು ಖಾಲಿ ಕುಕ್ಕೆಯೊಂದಿಗೆ ಏರುತ್ತಿದ್ದರು.

ಆ ಲಾರಿಗೆ ಒಬ್ಬ ಚಾಲಕ. ಸುತ್ತಿನ ಊರುಗಳಲ್ಲಿ ಅವನ ಹೆಸರು ದೊಡ್ಡದು. ಮೊದಲ ತಿರುವಿಗೆ ಬಂದೊಡನೆ ದೇವರ ಪಟ ಮುಟ್ಟಿ ಕಣ್ಣಿಗೊತ್ತಿಕೊಂಡು ಗೇರು ತೆಗೆದುಬಿಡುತ್ತಿದ್ದ. ಬೆಟ್ಟದ ಬುಡದವರೆಗೆ ನ್ಯೂಟ್ರಲ್. ಇಂಜಿನಿನ ಸದ್ದು ಇಳಿದುಹೋಗಿ ಲಾರಿ ತನ್ನ ಭಾರಕ್ಕೆ ತಾನೇ ಜಾರುತ್ತಿತ್ತು. ‘ಇಳಿಯುವಾಗ ಹೆಚ್ಚು ಡೀಸೆಲ್ ಸುಡುವವನು ಡ್ರೈವರನೇ ಅಲ್ಲ’ ಎನ್ನುತ್ತಿದ್ದ. ಅದರಲ್ಲಿ ಜೀವಕ್ಕೆ ಅಪಾಯವಿದೆ ಎಂದು ಅವನಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆದರೂ ಊರು ಅದನ್ನೇ ಮೆಚ್ಚಿತು. ಹೊಲದಲ್ಲಿದ್ದವರು ಕೈ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದರು. ಮೊದಲ ತಿರುವಿನಲ್ಲಿ ಸದ್ದು ಅಡಗಿದರೆ, ‘ಹೋದ ನೋಡು ನಮ್ಮ ಹುಲಿ’ ಎನ್ನುತ್ತಿದ್ದರು.

ಡೀಸೆಲ್ಲಿನ ಖರ್ಚು ಏರಿತು. ವರ್ತಕ ಊರ ಕಟ್ಟೆಗೆ ಬಂದು ಹೇಳಿದ: ‘ದೂರದ ಊರುಗಳಿಗೆ ಡೀಸೆಲ್ ಲಾರಿಯೇ ಬೇಕು. ಬ್ಯಾಟರಿ ಲಾರಿಯನ್ನು ಅಷ್ಟು ದೂರ ಓಡಿಸಿ ನೋಡಿದೆ, ಆಗಲಿಲ್ಲ. ದಾರಿಯಲ್ಲಿ ಚಾರ್ಜಿಗೆ ಹಾಕಿ ಕಾಯುತ್ತಾ ಕೂತರೆ ಮಾಲು ಬಾಡುತ್ತದೆ. ಆದರೆ ಈ ಬೆಟ್ಟಕ್ಕೆ ಬ್ಯಾಟರಿ ಲಾರಿ ಸಾಕು. ಇದೂ ಆಗದಿದ್ದರೆ ಈ ದಾರಿಗೆ ಲಾರಿ ಬಿಡುವುದು ನನ್ನಿಂದಾಗದು.’

ಹೊಸ ಲಾರಿ ಬಂತು. ಬೆಟ್ಟದ ಮೇಲೆ ರಾತ್ರಿ ಕರೆಂಟು ಇದ್ದಷ್ಟು ಹೊತ್ತು ಚಾರ್ಜು ಆಗುತ್ತಿತ್ತು, ಬ್ಯಾಟರಿ ಅರ್ಧ ತುಂಬಿದರೆ ಹೆಚ್ಚು. ಪೇಟೆಯಲ್ಲಿ ಚಾರ್ಜಿಗೆ ಹಾಕುವ ಜಾಗವಿರಲಿಲ್ಲ. ವರ್ತಕ ಚಾಲಕನಿಗೆ ಒಂದೇ ಮಾತು ಹೇಳಿದ: ‘ಇಳಿಯುವಾಗ ಗೇರು ತೆಗೆಯಬೇಡ.’

‘ಲಾರಿ ಓಡಿಸೋದನ್ನ ನನಗೆ ಹೇಳಿಕೊಡ್ತೀರಾ ಯಜಮಾನ್ರೇ? ನೀವು ತಕ್ಕಡಿ ನೋಡ್ಕೊಳ್ಳಿ,’ ಎಂದ ಚಾಲಕ.

ಮೊದಲ ತಿರುವಿನಲ್ಲಿ ಪಟ ಮುಟ್ಟಿದ, ಕಣ್ಣಿಗೊತ್ತಿಕೊಂಡ, ಗೇರು ತೆಗೆದ. ಸಂಜೆ ಏರುವಾಗ ಅರ್ಧ ಬೆಟ್ಟದಲ್ಲಿ ಲಾರಿ ನಿಂತಿತು. ಹೆಂಗಸರು ಇಳಿದರು, ತಳ್ಳಿದರು. ಲಾರಿ ಕದಲಲಿಲ್ಲ.

‘ಏನಣ್ಣ, ನಿನ್ನ ಹೊಸ ಲಾರಿಗೂ ಮಂಡಿನೋವಾ?’ ಎಂದಳು ಒಬ್ಬಳು.

‘ತಳ್ಳೋಕೆ ನಾವು, ಮೀಸೆ ತಿರುವೋಕೆ ಅವನು!’ ಎಂದಳು ಇನ್ನೊಬ್ಬಳು.

ಚಾಲಕನಿಗೆ ಅವಮಾನವಾಯಿತು. ಲಾರಿಯ ಚಕ್ರಕ್ಕೆ ಒದ್ದ. ‘ನನ್ನ ಕೈ ಕೆಟ್ಟಿಲ್ಲ, ಇದರ ಹುಟ್ಟೇ ಕೆಟ್ಟದ್ದು’ ಎಂದ. ಅಂದಿನಿಂದ ದಿನವೂ ಅದೇ ಜಾಗ, ಅದೇ ಬೈಗುಳ. ರಾತ್ರಿ ವರ್ತಕನ ಡೀಸೆಲ್ ಲಾರಿ ಬಂದು ಅದನ್ನು ಮೇಲಕ್ಕೆ ಎಳೆಯುತ್ತಿತ್ತು. ಹೆಂಗಸರು ಕತ್ತಲಾಗುವ ಮುನ್ನ ಮನೆ ಸೇರಲು ಉಳಿದ ಅರ್ಧ ಬೆಟ್ಟವನ್ನು ನಡೆದೇ ಹತ್ತಿದರು.

ಹೀಗಿರುವಾಗ ಚಾಲಕನಿಗೆ ಜ್ವರ ಬಂತು. ವರ್ತಕ ತನ್ನ ಅಳಿಯನನ್ನು ಕಳಿಸಿದ. ಅಳಿಯ ಬಯಲುಸೀಮೆಯವನು, ಬೆಟ್ಟ ಕಂಡರೆ ಬೆವರುವ ಪುಕ್ಕಲ. ಗೇರು ತೆಗೆದರೆ ಲಾರಿ ಓಡಿಹೋದೀತು ಎಂದು ಹೆದರಿ, ಸ್ಟೇರಿಂಗನ್ನು ಎರಡೂ ಕೈಯಿಂದ ತಬ್ಬಿಕೊಂಡು, ಗೇರಿನಲ್ಲೇ ಮೆಲ್ಲಮೆಲ್ಲನೆ ಇಳಿದ. ಹಿಂದೆ ಕೂತ ಹೆಂಗಸರು ಬಿದ್ದು ಬಿದ್ದು ನಕ್ಕರು. ‘ಅಳಿಯಂದ್ರೇ, ಮೆರವಣಿಗೆ ಹೊರಟಿದ್ದೀರೋ, ಪೇಟೆಗೆ ಹೊರಟಿದ್ದೀರೋ?’

ಸಂಜೆ ಅದೇ ಪುಕ್ಕಲ ಅದೇ ಲಾರಿಯಲ್ಲಿ ಅದೇ ಹೆಂಗಸರನ್ನು ಕೂರಿಸಿಕೊಂಡು ಬೆಟ್ಟ ಹತ್ತಿದ. ಎಲ್ಲೂ ನಿಲ್ಲಲಿಲ್ಲ. ಕಟ್ಟೆಯ ಮುಂದೆ ಎಲ್ಲರೂ ಇಳಿದಾಗ ಬೆಳಕಿನ್ನೂ ಇತ್ತು.

ಕಟ್ಟೆಯಲ್ಲಿದ್ದವರು ಕೇಳಿದರು: ‘ಏನು ಮಾಡಿದೆಯಪ್ಪಾ?’

ಅಳಿಯ ಹೇಳಿದ: ‘ಏನೂ ಮಾಡಲಿಲ್ಲ. ಹೆದರಿಕೆಯಾಗಿತ್ತು, ಗೇರು ತೆಗೆಯಲಿಲ್ಲ.’

ಚಾಲಕ ಕಂಬಳಿ ಹೊದ್ದುಕೊಂಡೇ ಕಟ್ಟೆಗೆ ಬಂದಿದ್ದ. ‘ಓಹೋ! ಹೆದರಿಕೊಂಡರೆ ಬ್ಯಾಟರಿ ತುಂಬುತ್ತಾ?’ ಎಂದ. ಕಟ್ಟೆಗೆ ಕಟ್ಟೆಯೇ ನಕ್ಕಿತು.

ಇಲ್ಲಿ ಕಲ್ಲೇಶಿಗೂ ನಗು ಬಂತು. ಗುರುಗಳು ನಗಲಿಲ್ಲ.

‘ತುಂಬುತ್ತದೆ,’ ಎಂದರು. ‘ಗೇರಿನಲ್ಲಿ ಇಳಿದರೆ ಚಕ್ರವೇ ಮೋಟರನ್ನು ತಿರುಗಿಸುತ್ತದೆ, ಮೋಟರು ಬ್ಯಾಟರಿಗೆ ಕರೆಂಟು ಕೊಡುತ್ತದೆ. ಬೆಟ್ಟ ದಿನವೂ ಕೊಡಲು ಬರುತ್ತಿತ್ತು. ಚಾಲಕ ದಿನವೂ ಮೊದಲ ತಿರುವಿನಲ್ಲಿ ದೇವರಿಗೆ ಕೈ ಮುಗಿದು ಅದನ್ನು ಚೆಲ್ಲುತ್ತಿದ್ದ. ಕತೆ ಇನ್ನೂ ಮುಗಿದಿಲ್ಲ, ಕೇಳು.’

ವರ್ತಕನ ಅಳಿಯ ಇದನ್ನೇ ಕಟ್ಟೆಯಲ್ಲಿ ಬಿಡಿಸಿ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನೆ ರಾತ್ರಿ ಕರೆಂಟು ಹೆಚ್ಚು ಹೊತ್ತು ಇದ್ದಿರಬೇಕು ಎಂದರು. ಹೆಂಗಸರು ಹಗುರ ಇದ್ದರು ಎಂದೂ ಒಬ್ಬ ಅಂದ. ಪುಕ್ಕಲ ಹೇಳಿದ್ದು ನಿಜವಾದರೆ ಇಷ್ಟು ವರ್ಷ ತಾವು ಮೆಚ್ಚಿದ್ದೇನು? ಆ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ.

ಜ್ವರ ಬಿಟ್ಟಿತು. ವರ್ತಕ ಕೈ ಮುಗಿದು ಬೇಡಿದ: ‘ಒಂದೇ ಒಂದು ಸಲ ಗೇರಿನಲ್ಲಿ ಇಳಿದು ನೋಡು ಮಾರಾಯ.’

ಚಾಲಕ ಹೇಳಿದ: ‘ನಾನು ಆ ಅಳಿಯನ ಹಾಗೆ ತೆವಳಿಕೊಂಡು ಇಳಿದರೆ ಹೊಲದಲ್ಲಿರೋರು ಏನಂದಾರು?’

ಒಂದು ಸಲವೂ ನೋಡಲಿಲ್ಲ. ಲಾರಿ ಮತ್ತೆ ಅದೇ ಜಾಗದಲ್ಲಿ ನಿಂತಿತು. ಊರಿನ ಗಂಡಸರು ಕಟ್ಟೆಯಲ್ಲಿ ಸೇರಿ ಕೂಗಾಡಿದರು. ಆ ಲಾರಿಯಲ್ಲಿ ಒಂದು ದಿನವೂ ಕೂರದವನೇ ಎಲ್ಲರಿಗಿಂತ ಜೋರಾಗಿ ಕೂಗಿದ. ‘ಇದು ಬೆಟ್ಟದ ಗಾಡಿಯಲ್ಲ, ತೆಗೆದುಕೊಂಡು ಹೋಗು’ ಎಂದು ವರ್ತಕನಿಗೆ ಹೇಳಿ ಕಳಿಸಿದರು. ಹೆಂಗಸರನ್ನು ಯಾರೂ ಕೇಳಲಿಲ್ಲ. ವರ್ತಕ ಲಾರಿ ಒಯ್ದ. ಬದಲಿಗೆ ಡೀಸೆಲ್ ಲಾರಿಯನ್ನೂ ಆ ದಾರಿಗೆ ಬಿಡಲಿಲ್ಲ. ಬಿಡಲಾಗದು ಎಂದು ಅವನು ಮೊದಲೇ ಹೇಳಿದ್ದ.

ಈಗ ಆ ಊರಿನ ಹೆಂಗಸರು ಕೋಸಿನ ಕುಕ್ಕೆಯನ್ನು ತಲೆಯ ಮೇಲೆ ಹೊತ್ತು ಬೆಟ್ಟ ಇಳಿಯುತ್ತಾರೆ. ಮಂಜು ಬಿದ್ದ ಒಂದು ಬೆಳಿಗ್ಗೆ ಮೊದಲ ತಿರುವಿನಲ್ಲಿ ಒಬ್ಬಳು ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಕಂಬಳಿಯಲ್ಲಿ ಹಾಕಿ ನಾಲ್ವರು ಹೆಂಗಸರೇ ಹೊತ್ತು ಊರಿಗೆ ತಂದರು. ಅವರು ಕಟ್ಟೆಯ ಮುಂದೆಯೇ ಹಾದುಹೋದರು. ಕಟ್ಟೆಯ ಮೇಲೆ ಚಾಲಕ ಕೂತಿದ್ದ. ಸದ್ದಿಲ್ಲದೆ ಬೆಟ್ಟ ಇಳಿಯುವುದು ಹೇಗೆಂದು ನಾಲ್ಕು ಜನಕ್ಕೆ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಕಲ್ಲೇಶಿ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು. ‘ನಮ್ಮವ್ವನೂ ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಬೆಟ್ಟ ಇಳಿದವಳೇ, ಗುರುಗಳೇ! ಅವಳ ಕತ್ತು ಈಗಲೂ ನೆಟ್ಟಗೆ ನಿಲ್ಲುವುದಿಲ್ಲ. ಆ ಊರವರಿಗೆ ಮಾನ ಮರ್ಯಾದೆ ಬೇಡವೇ? ಗಾಡಿ ಏನು ತಪ್ಪು ಮಾಡಿತ್ತು? ಅದು ಹತ್ತಿ ತೋರಿಸಿತಲ್ಲ! ಒಂದು ಸಲ, ಒಂದೇ ಒಂದು ಸಲ ಗೇರಿನಲ್ಲಿ ಇಳಿದು ನೋಡದ ಆ ಜಂಬದ ಕೋಳಿಯನ್ನು ನಂಬಿ ಗಾಡಿಯನ್ನು ಕಳಿಸಿದರೇ? ಕಳಿಸಬೇಕಾದದ್ದು ಆ ಡ್ರೈವರನನ್ನು!’

ಸಿಟ್ಟಿನ ಭರದಲ್ಲಿ ಬೆರಳಿನ ಕೀ ಇನ್ನೂ ಜೋರಾಗಿ ತಿರುಗುತ್ತಿತ್ತು. ಹೊರಗೆ ಭಕ್ತರು ಬಂದು ಚಪ್ಪಲಿ ಬಿಡುವ ಸದ್ದಾಯಿತು.

ಗುರುಗಳು ಅಂಗೈ ಚಾಚಿದರು.

‘ಹಾಗಾದರೆ ಆ ಕೀ ಇಲ್ಲಿ ಕೊಡು.’

ಕೀ ನಿಂತಿತು.