ಕೆರೆಯಮ್ಮನ ತಲೆಗೆ ಕಟ್ಟಿದ ಕೊಲೆ

ಒಂದೂರಿನಲ್ಲಿ ಮುನಿತಿಮ್ಮ ಎಂಬ ನೀರುಗಂಟಿ ಇದ್ದ. ಕೆರೆಯ ತೂಬು ತೆಗೆಯುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿ ಬಿಡುವುದು, ತೂಬು ಮುಚ್ಚುವುದು, ಇದು ನೀರುಗಂಟಿಯ ಕೆಲಸ. ಊರಿನ ಹೆಸರು ಬೇಡ ಮಕ್ಕಳೇ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ನಡೆದದ್ದು. ಆದರೂ ಆ ಮನೆತನಗಳು ಈಗಲೂ ಬಾಳುತ್ತಿವೆ, ಮದುವೆ ಮುಂಜಿಗಳಲ್ಲಿ ನಮ್ಮ ಪಂಕ್ತಿಯಲ್ಲೇ ಕೂತು ಊಟ ಮಾಡುತ್ತವೆ.

ಆ ಊರಿನಲ್ಲಿ ಹಿರಿಯರು ಮಾಡಿಟ್ಟ ಕಟ್ಟಳೆ ಇತ್ತು. ನೀರುಗಂಟಿಗೆ ಕೆರೆಯ ಕೆಳಗೆ ಅಂಗೈಯಗಲ ಗದ್ದೆಯೂ ಇರಕೂಡದು. ಇದ್ದರೆ ನೀರು ತಿರುಗಿಸುವ ಕೈ ತಾನಾಗಿ ಆ ಕಡೆ ಹೋಗುತ್ತದೆ. ಸುಗ್ಗಿಯಲ್ಲಿ ಗದ್ದೆಯವರೆಲ್ಲ ಅವನಿಗೆ ಒಂದೊಂದು ಹೊರೆ ಭತ್ತ ಕೊಡಬೇಕು. ಮಳೆ ಕಡಿಮೆಯಾದ ವರ್ಷ ಮೊದಲ ನೀರು ಕಾಲುವೆಯ ತುದಿಯಲ್ಲಿರುವ ಕಡೆಗದ್ದೆಗಳಿಗೆ. ತೂಬಿನ ಪಕ್ಕದವನು ಹೇಗೋ ಬದುಕಿಕೊಳ್ಳುತ್ತಾನೆ. ಕಡೆಯವನಿಗೆ ಸಿಕ್ಕಿದರೆ ಎಲ್ಲರಿಗೂ ಸಿಕ್ಕಿದ ಹಾಗೆ. ಅದು ದೇವರು ಮೆಚ್ಚುವ ಲೆಕ್ಕ.

ಒಂದು ವರ್ಷ ಕೆರೆ ಅರ್ಧಕ್ಕೇ ನಿಂತಿತು. ಮುನಿತಿಮ್ಮ ಕಟ್ಟಳೆಯಂತೆ ಕಡೆಗದ್ದೆಗೆ ನೀರು ಬಿಟ್ಟ. ತೂಬಿನ ಪಕ್ಕದ ಮೇಲ್ಗದ್ದೆಯವರೆಲ್ಲ ಊರಿನ ದೊಡ್ಡ ಮನೆಗಳವರು. ಒಬ್ಬೊಬ್ಬರಾಗಿ ಬಂದು ಅವನನ್ನು ಮಾತಾಡಿಸಿದರು. ಪಟೇಲ ಬ್ಯಾಟೇಗೌಡನೂ ಬಂದ.

"ತಿಮ್ಮ, ಈ ಸಲ ಮೇಲಿಂದ ಬಿಡ್ಕೊಂಡು ಹೋಗೋ."

"ಕಡೆಗದ್ದೆ ನೆನೀಲಿ ಸ್ವಾಮಿ, ಆಮೇಲೆ ನಿಮ್ಮದೇ."

"ನಿಂಗೆ ಹೊರೆ ಕೊಡೋನು ನಾನು ಕಣೋ."

"ಅವರೂ ಕೊಡ್ತಾರಲ್ಲ ಸ್ವಾಮಿ. ಅವರ ಹೊರೆ ಒಂದಿಷ್ಟು ಚಿಕ್ಕದು, ಅಷ್ಟೆ."

ಪಟೇಲ ನಕ್ಕು ಹೋದ. ಮಿಕ್ಕವರು ನಗಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಮುನಿತಿಮ್ಮ ತೂಬಿನ ಕೆಳಗಿನ ಕಾಲುವೆಯಲ್ಲಿ ಸತ್ತು ಬಿದ್ದಿದ್ದ. ಕಾಲುವೆಯಲ್ಲಿ ಮೊಣಕಾಲುದ್ದ ನೀರು. ತುಂಬಿದ ಕೆರೆಯಲ್ಲಿ ಮುಳುಗಿ ತೂಬಿನ ಬಿರಡೆ ಕೀಳುತ್ತಿದ್ದ ಮನುಷ್ಯ ಅವನು. ತಲೆಯ ಹಿಂಭಾಗ ಒಡೆದಿತ್ತು. ತೂಬು ತೆರೆದೇ ಇತ್ತು. ಮೇಲ್ಗದ್ದೆಗಳಲ್ಲಿ ಬದು ತುಳುಕುವಷ್ಟು ನೀರು ನಿಂತಿತ್ತು.

ಊರೆಲ್ಲ ಓಡಿ ಬಂತು. ಹೆಣ ನೋಡಿದವರು ಕಡಿಮೆ, ತಮ್ಮ ತಮ್ಮ ಗದ್ದೆ ನೋಡಿಕೊಂಡವರು ಹೆಚ್ಚು.

ಮಧ್ಯಾಹ್ನದ ಹೊತ್ತಿಗೆ ಒಂದು ಮಾತು ಹುಟ್ಟಿತು. ಕೆರೆಯಮ್ಮ ಬಲಿ ತಗೊಂಡಳು, ನೀರು ಕಡಿಮೆಯಾದ ವರ್ಷ ಅಮ್ಮನಿಗೆ ಹಸಿವು. ಈ ಮಾತನ್ನು ಮೊದಲು ಆಡಿದವರು ಯಾರೋ ತಿಳಿಯದು. ಆಡದೆ ಉಳಿದವರು ಮಾತ್ರ ಯಾರೂ ಇಲ್ಲ. ಠಾಣೆಯಿಂದ ಜಮೇದಾರ ಬಂದ. ಕೇಳಿದ್ದಕ್ಕೆ ಎಲ್ಲರ ಬಾಯಲ್ಲೂ ಅದೇ ಮಾತು. ಪಟೇಲರ ಮನೆಯಲ್ಲಿ ಊಟ ಮಾಡಿ, ಕೆರೆಯಮ್ಮನಿಗೆ ಕೈಮುಗಿದು, ಜಮೇದಾರ ಹೊರಟುಹೋದ. ಯಾವ ಕಡೆಗದ್ದೆಯವರಿಗಾಗಿ ಮುನಿತಿಮ್ಮ ಸತ್ತನೋ, ಅವರೂ ಬಾಯಿ ಬಿಡಲಿಲ್ಲ.

ಈ ಕೆರೆಯಮ್ಮ ಎಂಥ ದೇವರು ಗೊತ್ತೇ? ಕೆರೆಯ ಏರಿಯ ಮೇಲೆ ಒಂದು ಚಿಕ್ಕ ಗುಡಿ. ಹಣ್ಣುಕಾಯಿ, ಮೊಸರನ್ನ, ಅಷ್ಟೇ ಅವಳ ಪೂಜೆ. ಆ ಗುಡಿಯ ಮುಂದೆ ಎಂದೂ ಒಂದು ಕೋಳಿಯ ಕತ್ತೂ ಕೊಯ್ದಿರಲಿಲ್ಲ. ಅಂಥ ತಾಯಿಯ ತಲೆಗೆ ಒಂದು ಹೆಣ ಕಟ್ಟಿದರು.

ಮುನಿತಿಮ್ಮನ ಹೆಂಡತಿ ಅಕ್ಕಯ್ಯಮ್ಮ. ಇಬ್ಬರು ಹೆಣ್ಣುಮಕ್ಕಳು, ಇನ್ನೂ ಚಿಕ್ಕವು. ಮನೆಯಲ್ಲಿ ಒಂದು ಹಿಡಿ ಹಿಟ್ಟಿರಲಿಲ್ಲ. ತಿಥಿ ಕಳೆದ ಮೇಲೆ ಊರಿನವರು ಗುಡಿಯ ಮುಂದೆ ಸೇರಿ ಅವಳನ್ನು ಕರೆಸಿದರು. ಮೊರದ ತುಂಬ ಅಕ್ಕಿ, ಮೇಲೆ ಹೊಸ ಸೀರೆ ಇಟ್ಟಿದ್ದರು.

ಪಟೇಲ ಹೇಳಿದ: "ನೋಡಮ್ಮ, ನಿನ್ನ ಗಂಡನ ಹೆಸರಲ್ಲಿ ತೂಬಿನ ಹತ್ತಿರ ಕಲ್ಲು ನಿಲ್ಲಿಸ್ತೀವಿ. ವರ್ಷಾವರ್ಷ ಪೂಜೆ. ಮೊದಲ ಪಡಿ ಅಕ್ಕಿ ನಿಂಗೆ. ನೀನಿರೋ ತನಕ ನಿನ್ನ ಮಕ್ಕಳ ಹೊಟ್ಟೆಬಟ್ಟೆ ಊರಿನದು. ನೀನು ಅಮ್ಮನ ಮುಂದೆ ಒಂದು ಮಾತು ಹೇಳಿ, ಸೆರಗೊಡ್ಡಿ ಈ ಅಕ್ಕಿ ತಗೋಬೇಕು. ನನ್ನ ಗಂಡನ್ನ ಅಮ್ಮ ತಗೊಂಡಳು ಅಂತ."

"ಗಂಡ ದೇವರಾಗ್ತಾನೆ ಕಣೇ, ಇನ್ನೇನು ಬೇಕು?" ಎಂದಳು ಒಬ್ಬ ಮುದುಕಿ.

"ಬದುಕಿದ್ದಾಗ ಈ ಜಗಲಿ ಮೇಲೆ ಕೂರೋಕೂ ಬಿಡ್ಲಿಲ್ಲವಲ್ಲವ್ವ," ಎಂದಳು ಅಕ್ಕಯ್ಯಮ್ಮ.

ಅವಳು ಪೂಜಾರಿಯ ಕಡೆ ತಿರುಗಿದಳು. ಗುಟ್ಟಯ್ಯ ಎಂದು ಅವನ ಹೆಸರು. "ಪೂಜಾರಪ್ಪ, ನಿಮ್ಮಪ್ಪ, ನಿಮ್ಮ ತಾತ, ನೀವು, ಮೂರು ತಲೆಯಿಂದ ಅಮ್ಮನ ಪಾದ ಹಿಡಿದೋರು. ನೀವೇ ಹೇಳಿ. ನಮ್ಮಮ್ಮ ಎಂದಾದ್ರೂ ಬಲಿ ಕೇಳಿದ್ಲಾ?"

ಗುಟ್ಟಯ್ಯ ಆರತಿ ತಟ್ಟೆಯ ಬತ್ತಿ ಸರಿಮಾಡತೊಡಗಿದ. ಬತ್ತಿ ಸರಿಯಾಗಿಯೇ ಇತ್ತು. ಆಮೇಲೆ ಗಂಟೆ ಒರೆಸಿದ. ಕೊಂದವನ ಮೇಲೆ ಬರುವಷ್ಟೇ ಸಿಟ್ಟು ನನಗೆ ಈ ಮನುಷ್ಯನ ಮೇಲೂ ಬರುತ್ತದೆ. ದಿನಾ ಅವಳ ಮುಖ ತೊಳೆದು ಕುಂಕುಮ ಇಡುತ್ತಿದ್ದವನು ಅವಳ ಪರವಾಗಿ ಒಂದು ಮಾತು ಆಡಲಿಲ್ಲ.

ಚಿಕ್ಕ ಮಗಳು ಮೊರದ ಅಕ್ಕಿಯನ್ನೇ ನೋಡುತ್ತಿದ್ದಳು. ಅಕ್ಕಯ್ಯಮ್ಮ ಅದನ್ನು ಕಂಡಳು. ಆಮೇಲೆ ಕೇಳಿದಳು:

"ಆಯ್ತು ಗೌಡರೇ, ನಿಮ್ಮ ಮಾತೇ ಇರಲಿ. ಅಮ್ಮನಿಗೆ ಹಸಿವಾಗಿತ್ತು, ತಗೊಂಡಳು. ಈಗ ಹಸಿವು ತೀರಿತಲ್ಲ?"

"ತೀರಿತಮ್ಮ."

"ಹಂಗಾದ್ರೆ ಇನ್ನು ತೂಬಿನ ಹತ್ತಿರ ಭಯ ಇಲ್ಲ."

"ಏನೂ ಇಲ್ಲ."

"ನಾಳೆಯಿಂದ ನಿಮ್ಮಲ್ಲಿ ಒಬ್ಬರು ನೀರು ತಿರುಗಿಸೋ ಸನಿಕೆ ಹಿಡೀರಿ. ನನ್ನ ಗಂಡ ಬಿಟ್ಟ ಹಾಗೇ ನೀರು ಬಿಡಿ, ಕಡೆಗದ್ದೆಗೆ ಮೊದಲು. ಯಾರು ಬರ್ತೀರಿ? ಬಂದೋರ ಕಾಲಿಗೆ ಬಿದ್ದು ಈಗಲೇ ಸೆರಗೊಡ್ತೀನಿ."

ಯಾರೂ ಏಳಲಿಲ್ಲ. ಒಬ್ಬ ಕೆಮ್ಮಿದ. ಇನ್ನೊಬ್ಬ, "ಅದು ನಮ್ಮ ಕುಲದ ಕೆಲಸ ಅಲ್ಲವಲ್ಲ," ಎಂದ.

"ಕುಲ ಇರಲಿ. ನಿಮ್ಮ ಮನೆ ಆಳನ್ನ ಕಳಿಸಿ."

ಆಳುಗಳು ತಲೆ ತಗ್ಗಿಸಿದರು. ಅವಳು ಕಡೆಗದ್ದೆಯವರ ಕಡೆ ನೋಡಿದಳು. "ನೀವಾದ್ರೂ ಬನ್ರಪ್ಪ. ನೀರು ನಿಮ್ಮದೇ." ಅವರು ಒಬ್ಬರ ಹಿಂದೆ ಒಬ್ಬರು ಸರಿದರು.

ಅಕ್ಕಯ್ಯಮ್ಮ ಗಟ್ಟಿಯಾಗಿ ಮಾತಾಡಲಿಲ್ಲ. ಎಲ್ಲರಿಗೂ ಕೇಳಿಸಿತು.

"ನಿಮಗೆ ಗೊತ್ತು. ಅಮ್ಮನಿಗೆ ಹೆದರೋನು ಇಲ್ಲಿ ಒಬ್ಬನೂ ಇಲ್ಲ. ಹೆದರಿದ್ದಿದ್ರೆ ಅವಳ ಮುಂದೆ ನಿಂತು ಈ ಸುಳ್ಳು ಆಡ್ತಿರಲಿಲ್ಲ. ನೀವು ಹೆದರ್ತಿರೋದು ಇಲ್ಲೇ ಪಂಚೆ ಉಟ್ಕೊಂಡು ಕೂತಿರೋ ಒಬ್ಬ ಮನುಷ್ಯನಿಗೆ."

ಪಟೇಲ ಎದ್ದು ನಿಂತ. "ಬಾಯಿ ಹಿಡಿತದಲ್ಲಿರಲಿ. ಅಕ್ಕಿ ಬೇಕೋ ಬೇಡವೋ?"

ಅವಳು ಮೊರವನ್ನು ಅಲ್ಲೇ ಬಿಟ್ಟಳು. ದೂರದಿಂದಲೇ ನೆಲಕ್ಕೆ ಹಣೆ ಮುಟ್ಟಿಸಿ ಗುಡಿಯ ಬಾಗಿಲಿಗೆ ನಮಸ್ಕಾರ ಮಾಡಿದಳು. "ತಾಯಿ, ಇವರು ನಿನ್ನ ಮೇಲೆ ಹೊರಿಸಿದರು. ನಾನು ಹೊರಿಸಲಿಲ್ಲ," ಎಂದಳು. ಮಕ್ಕಳ ಕೈ ಹಿಡಿದುಕೊಂಡು ಏರಿ ಇಳಿದು ಹೊರಟೇಹೋದಳು.

ಇಂಥ ಕಥೆಗಳಲ್ಲಿ ಕೊನೆಗೆ ಪಾಪಿಗಳ ಮೇಲೆ ಸಿಡಿಲು ಬೀಳುತ್ತದೆ. ಇಲ್ಲಿ ಬೀಳಲಿಲ್ಲ ಮಕ್ಕಳೇ, ಸುಳ್ಳು ಹೇಳಲಾರೆ. ಮೇಲ್ಗದ್ದೆಗಳಲ್ಲಿ ಭತ್ತ ಚೆನ್ನಾಗಿ ಬಂತು. ಹೊಸ ಅಕ್ಕಿಯ ಪಾಯಸ ಮಾಡಿ ಕೆರೆಯಮ್ಮನಿಗೆ ಎಡೆ ಇಟ್ಟರು. ಕಲ್ಲನ್ನೂ ನಿಲ್ಲಿಸಿದರು. ಈಗಲೂ ವರ್ಷಕ್ಕೊಮ್ಮೆ ಅದಕ್ಕೆ ಅರಿಶಿನ ಬಳಿದು ಕಾಯಿ ಒಡೆಯುತ್ತಾರೆ, ಅಮ್ಮ ತಗೊಂಡ ನೀರುಗಂಟಿ ಎಂದು ಮಕ್ಕಳಿಗೆ ತೋರಿಸುತ್ತಾರೆ. ಹಾಗೆ ಒಡೆದ ಒಂದೊಂದು ಕಾಯಿಯೂ ಆ ತಾಯಿಯನ್ನು ಕೊಲೆಗಾತಿ ಎಂದು ಕರೆದ ಹಾಗೆ. ಹೊಡೆದ ಕೈ ಯಾರದೆಂದು ಇಂದಿಗೂ ಗೊತ್ತಿಲ್ಲ. ಗೊತ್ತಿದ್ದವರೆಲ್ಲ ಆ ಅನ್ನ ಉಂಡು, ವಯಸ್ಸಾಗಿ, ಹಾಸಿಗೆಯ ಮೇಲೆ ಸತ್ತರು.

ಅಕ್ಕಯ್ಯಮ್ಮ ದೂರದ ಊರಿನಲ್ಲಿ ಕೂಲಿ ಮಾಡಿ, ಕಲ್ಲು ಹೊತ್ತು, ಮಕ್ಕಳನ್ನು ಸಾಕಿದಳು. ನಾಟಿ ಮಾಡುವಾಗ ಪಕ್ಕದ ಸಾಲಿನ ಹೆಂಗಸರು ಕೇಳುವುದುಂಟು, ನಿನ್ನ ಗಂಡನಿಗೆ ಏನಾಯಿತೇ ಎಂದು. ಅವಳು ಕೈಯಲ್ಲಿದ್ದ ಪೈರು ನೆಟ್ಟು, ಸೊಂಟ ನೆಟ್ಟಗೆ ಮಾಡಿ, ಅವರ ಮುಖ ನೋಡಿ ಹೇಳುತ್ತಿದ್ದಳು:

"ಕೊಂದರು."

ನೀತಿ: ಮನುಷ್ಯ ಮಾಡಿದ ಕೊಲೆಯನ್ನು ದೇವರ ತಲೆಗೆ ಕಟ್ಟುವುದು ಭಕ್ತಿ ಅಲ್ಲ, ಅದು ಎರಡನೆಯ ಕೊಲೆ. ಗೊತ್ತಿದ್ದೂ ಕೈಮುಗಿದು ಸುಮ್ಮನಿರುವವನು ಕೊಂದವನ ಪಾಲುದಾರ. ಕೊಂದದ್ದನ್ನು ಕೊಂದದ್ದು ಎಂದು ಹೇಳಿ. ಹಾಗೆ ಹೇಳುವ ಧೈರ್ಯ ಇಲ್ಲದಿದ್ದರೆ, ದೇವರ ಮುಂದೆ ಕಾಯಿ ಒಡೆಯಲು ಹೋಗಬೇಡಿ.