ಕೈ ಹೋದಾಗ ಕಣ್ಣು ಎಲ್ಲಿತ್ತು

"ಬುದ್ಧಿ, ತಪ್ಪು ಮಾಡಿದವನನ್ನು ಕಳಿಸಿಯಾಯಿತು. ಅದೇ ತಪ್ಪು ಮತ್ತೊಮ್ಮೆ ಆಗದ ಹಾಗೆ ಇನ್ನೇನು ಮಾಡಬೇಕು?" ಎಂದು ಶಿಷ್ಯ ಗುರುಪಾದ ಮಠದ ಗುರುಗಳನ್ನು ಕೇಳಿದ.

ಗುರುಪಾದ ಮಠದ ದಾಸೋಹದ ಉಸ್ತುವಾರಿ ನೋಡಿಕೊಳ್ಳುತ್ತಿದ್ದವನು. ಮೂರು ದಿನದ ಹಿಂದೆ ಅಡುಗೆಯ ಮುಪ್ಪಯ್ಯ ಅನ್ನ ಬಸಿಯುವಾಗ ಜಾರಿ, ಕುದಿಯುವ ಗಂಜಿಯನ್ನು ಮೊಣಕಾಲಿನಿಂದ ಪಾದದವರೆಗೆ ಚೆಲ್ಲಿಕೊಂಡಿದ್ದ. "ಮೈಮೇಲೆ ಎಚ್ಚರವಿಲ್ಲದವನು" ಎಂದು ಗುರುಪಾದ ಅವನನ್ನು ಊರಿಗೆ ಕಳಿಸಿ, ಅವನ ಜಾಗಕ್ಕೆ ಹೊಸಬನೊಬ್ಬನನ್ನು ಹಾಕಿಕೊಂಡಿದ್ದ. ಅಡುಗೆಯವರನ್ನೆಲ್ಲ ನಿಲ್ಲಿಸಿ, ಜಾಗ್ರತೆಯಾಗಿರಿ ಎಂದು ಎರಡೆರಡು ಸಲ ಹೇಳಿದ್ದ. ಇದನ್ನೆಲ್ಲ ಗುರುಗಳಿಗೂ ತಿಳಿಸಿದ್ದ.

ಗುರುಗಳು ನಕ್ಕರು. "ಎರಡು ಸಲ ಹೇಳಿದೆಯಾ? ಪರವಾಗಿಲ್ಲವೇ! ನನಗೆ ಗೊತ್ತಿದ್ದ ಒಬ್ಬ ಯಜಮಾನ ಒಂದೇ ಸಲ ಹೇಳುತ್ತಿದ್ದ. ಕೂತುಕೋ, ಅವನ ಕತೆ ಹೇಳುತ್ತೇನೆ."

ಒಂದೂರಿನಲ್ಲಿ ಒಬ್ಬ ಆಲೆಮನೆ ಯಜಮಾನ. ಕಬ್ಬು ಅರೆದು ಬೆಲ್ಲ ಮಾಡುವ ಕಸುಬು ಅವನಿಗೆ ತಾತನ ಕಾಲದಿಂದ ಬಂದದ್ದು. ಕೆಟ್ಟವನು ಅಂತ ತಿಳಿಯಬೇಡ. ಆಳುಗಳ ಪಂಕ್ತಿಯಲ್ಲೇ ಕೂತು ಉಣ್ಣುವವನು, ಯಾರಿಗಾದರೂ ಜ್ವರ ಬಂದರೆ ತಾನೇ ಹೋಗಿ ನೋಡಿಕೊಂಡು ಬರುವವನು. ಅಂಥವನ ಆಲೆಮನೆಯಲ್ಲೇ ಇದು ನಡೆಯಿತು ಅಂತ ನನಗೆ ಸಂಕಟ.

ಅಲ್ಲಿ ಎರಡು ಪದ್ಧತಿ ಇದ್ದವು. ಗಾಣಕ್ಕೆ ಎತ್ತು ಹೂಡಿದ ಮೇಲೆ ಅದು ಬರಿದಾಗಿ ತಿರುಗಬಾರದು. ಕಬ್ಬು ಕೊಡುವವನು ಮಣೆಯ ಮೇಲೆ ಕೂತು, ಎರಡು ಉರುಳೆಗಳ ನಡುವೆ ಒಂದರ ಹಿಂದೆ ಒಂದು ಕಬ್ಬು ತಳ್ಳುತ್ತಲೇ ಇರಬೇಕು. ಇನ್ನೊಂದು ಬೆಲ್ಲ ಕಾಯಿಸುವ ಕೊಪ್ಪರಿಗೆಯದ್ದು. ಕಬ್ಬಿನ ಹಾಲು ಕುದ್ದು ಕುದ್ದು ಬೆಲ್ಲದ ಪಾಕಕ್ಕೆ ಬಂದಾಗ, ಹದ ನೋಡುವವನು "ಹದ ಬಂತು!" ಎಂದು ಕೂಗುತ್ತಿದ್ದ. ಕೂಗು ಕಿವಿಗೆ ಬಿದ್ದವರೆಲ್ಲ ಇದ್ದ ಜಾಗದಿಂದಲೇ ಕೊಪ್ಪರಿಗೆಯ ಕಡೆ ನೋಡಿ ಬಲಗೈಯನ್ನು ಹಣೆಗೆ ಮುಟ್ಟಿಸಬೇಕು. ಅನ್ನ ಕೊಡುವ ಕೊಪ್ಪರಿಗೆ, ಬೇಡ ಅನ್ನುವವರು ಯಾರು? ಎರಡೂ ಒಳ್ಳೆಯ ಪದ್ಧತಿಗಳೇ.

ಒಂದು ದಿನ ಗಾಣಕ್ಕೆ ಕಬ್ಬು ಕೊಡುತ್ತಿದ್ದವನ ಎಡಗೈ ಉರುಳೆಗೆ ಸಿಕ್ಕಿತು. ಎತ್ತು ನಿಲ್ಲಿಸುವಷ್ಟರಲ್ಲಿ ನಾಲ್ಕು ಬೆರಳು ಹೋದವು. ಯಜಮಾನ ಅವನನ್ನು ತಾನೇ ಎತ್ತಿಕೊಂಡು ಪಂಡಿತರ ಮನೆಗೆ ಓಡಿದ. ಕಟ್ಟು ಕಟ್ಟಿದ ಮೇಲೆ, ಸಂಕಟ ತಡೆಯಲಾರದೆ ಬೈದ.

"ಎಲ್ಲಿ ನೋಡುತ್ತಿದ್ದೆಯೋ, ಪಾಪಿ!"

ಗಾಯಗೊಂಡವನು ತಲೆ ತಗ್ಗಿಸಿದ. "ನನ್ನದೇ ತಪ್ಪು ಯಜಮಾನರೇ" ಎಂದ. ಅಲ್ಲಿಗೆ ವಿಚಾರಣೆ ಮುಗಿಯಿತು ನೋಡು.

ಮನೆಗೆ ಬಂದು ಯಜಮಾನ ಬಹಳ ಯೋಚನೆ ಮಾಡಿದ. ಆಲೆಮನೆಯಲ್ಲಿ ಭಕ್ತಿ ಕಡಿಮೆಯಾಗಿದೆ, ಅದಕ್ಕೇ ಹೀಗಾಯಿತು ಎಂದು ಅವನಿಗೆ ತೋರಿತು. ಮರುದಿನ ಒಂದು ತೆಂಗಿನಕಾಯಿ ಒಡೆದು, ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಿದ: ಇನ್ನು ಮೇಲೆ ಹದ ಬಂದಾಗ ಸುಮ್ಮನೆ ಕತ್ತು ಹೊರಳಿಸಿದರೆ ಸಾಲದು, ಮೈಯನ್ನೇ ಪೂರ್ತಿ ತಿರುಗಿಸಿ ಕೊಪ್ಪರಿಗೆಗೆ ನಮಸ್ಕಾರ ಮಾಡಬೇಕು. ಗಾಣದ ಮಣೆಗೆ ಇನ್ನೊಬ್ಬನನ್ನು ಕೂರಿಸಿದ.

ಮೊದಲನೆಯವನು ಆ ಮಣೆಯ ಮೇಲೆ ಆರು ವರ್ಷ ಕೂತಿದ್ದ. ಎರಡನೆಯವನು ಇಪ್ಪತ್ತು ದಿನ ಕೂತ. ಅವನ ಕೈ ಮಣಿಕಟ್ಟಿನವರೆಗೆ ಹೋಯಿತು. "ಇವನಂತೂ ಮೊದಲಿನವನಿಗಿಂತ ಮಂಕ" ಎಂದು ಯಜಮಾನ ಅವನನ್ನೂ ಬಿಡಿಸಿದ. ಮೂರನೆಯವನನ್ನು ಆರಿಸುವಾಗ ಊರಿಗೆಲ್ಲ ಚುರುಕು ಎನಿಸಿಕೊಂಡವನನ್ನೇ ಹುಡುಕಿ ತಂದ. ಅಯ್ಯೋ, ಅವನು ಹನ್ನೆರಡು ದಿನವೂ ತುಂಬಲಿಲ್ಲ.

ಗುರುಪಾದ ತಡೆಯಲಾರದೆ ಕೇಳಿದ, "ಚುರುಕಾದವನಿಗೂ ಹಾಗಾಯಿತೇ ಬುದ್ಧಿ?"

"ಚುರುಕಾದವನು ಕೂಗು ಕೇಳಿದ ಕೂಡಲೇ ತಿರುಗುತ್ತಾನಲ್ಲ ಕಣಯ್ಯಾ" ಎಂದರು ಗುರುಗಳು. "ಸ್ವಲ್ಪ ತಾಳು."

ನಾಲ್ಕನೆಯವನಾಗಿ ಒಬ್ಬ ಬಡವನನ್ನು ಗೊತ್ತುಮಾಡಿದರು. ನಾಳೆ ಬೆಳಗ್ಗೆ ಬಂದು ಕೂರಬೇಕು ಎಂದು ಹೇಳಿ ಕಳಿಸಿದರು. ಅವನು ಹೂಂ ಎಂದು ಒಪ್ಪಿಕೊಂಡು ಬಂದ. ವಿಷಯ ಅವನ ಹೆಂಡತಿಗೆ ತಿಳಿಯಿತು. ಗಂಡನ ಎರಡು ಕೈ ಬಿಟ್ಟರೆ ಆ ಮನೆಗೆ ಬೇರೆ ಆಸ್ತಿ ಇರಲಿಲ್ಲ. ಬೇಡ ಎಂದರೆ ಒಲೆ ಉರಿಯುವುದಿಲ್ಲ, ಹೋಗು ಎನ್ನಲು ಬಾಯಿ ಬರುವುದಿಲ್ಲ. ಅವಳು ಅಳುತ್ತಾ ಕೂರಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಕೈ ಕಳೆದುಕೊಂಡ ಮೂವರ ಮನೆಗೂ ಹೋದಳು.

ಮೂವರೂ ಮೊದಲು ಒಂದೇ ಮಾತು ಹೇಳಿದರು: ನಮ್ಮದೇ ತಪ್ಪು ತಾಯಿ, ಮೈಮರೆತೆವು. ಊರೆಲ್ಲ ಹಾಗೇ ಹೇಳಿ ಹೇಳಿ ಅವರೂ ನಂಬಿಬಿಟ್ಟಿದ್ದರು. ಅವಳು ಬಿಡಲಿಲ್ಲ. "ತಪ್ಪಿನ ಮಾತು ಹಾಗಿರಲಿ ಅಣ್ಣಾ. ಕೈ ಹೋದಾಗ ನಿನ್ನ ಕಣ್ಣು ಎಲ್ಲಿತ್ತು?" ಎಂದು ಕೇಳಿ, ಅವರು ಜ್ಞಾಪಿಸಿಕೊಳ್ಳುವವರೆಗೂ ಕಾದಳು.

ನೋಡು ಗುರುಪಾದ, ಯಜಮಾನ ಕೇಳಿದ್ದೂ ಇದೇ ಪ್ರಶ್ನೆ. ಅವನು ಬೈಯಲು ಕೇಳಿದ. ಇವಳಿಗೆ ಉತ್ತರ ಬೇಕಾಗಿತ್ತು.

ಮೂವರ ಉತ್ತರವೂ ಒಂದೇ: ಕೊಪ್ಪರಿಗೆಯ ಮೇಲೆ.

ಬೆಳಗಾಗುತ್ತಲೇ ಅವಳು ಗಂಡನ ಜೊತೆ ಆಲೆಮನೆಗೆ ಬಂದಳು. ಗಾಣಕ್ಕೆ ಇನ್ನೂ ಎತ್ತು ಹೂಡಿರಲಿಲ್ಲ. ಹಿಂದಿನ ದಿನ ಉಳಿದಿದ್ದ ಹಾಲು ಮಾತ್ರ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಅವಳು ಯಜಮಾನನ ಎದುರು ನಿಂತು, "ನನ್ನ ಗಂಡ ಕೂರುವ ಮೊದಲು ಆ ಮಣೆಯ ಮೇಲೆ ನೀವು ಒಂದು ಗಳಿಗೆ ಕೂತುಕೊಳ್ಳಿ" ಎಂದಳು.

"ಏನವ್ವಾ, ನನಗೇ ಗಾಣದ ಪಾಠ ಹೇಳಲು ಬಂದೆಯಾ?" ಎಂದು ಅವನು ರೇಗಿದ. ಆದರೂ ಮೂರು ಕೈ ಹೋದ ಜಾಗ. ಅವನ ಮನಸ್ಸೂ ಕುಟುಕುತ್ತಿತ್ತು. ಹೋಗಿ ಕೂತ. ಅವಳು ಒಂದು ಜಲ್ಲೆ ಕಬ್ಬು ಅವನ ಕೈಗೆ ಕೊಟ್ಟಳು. ಅವನು ಅಭ್ಯಾಸ ಬಲದಿಂದ ಅದರ ತುದಿಯನ್ನು ಉರುಳೆಗಳ ನಡುವೆ ಇಟ್ಟ. ಅವಳು ಕೊಪ್ಪರಿಗೆಯ ಕಡೆ ನೋಡುತ್ತಾ ನಿಂತಳು. ಅವನು ತನ್ನ ತಾತ ಗಾಣ ನೆಟ್ಟದ್ದು, ಅಪ್ಪ ಅದನ್ನು ದೊಡ್ಡದು ಮಾಡಿದ್ದು, ಎಲ್ಲ ಹೇಳುತ್ತಾ ಕೂತ.

"ಹದ ಬಂತು!"

ಯಜಮಾನ ಮಾತು ನಿಲ್ಲಿಸಿ ಸರ್ರನೆ ತಿರುಗಿದ. ಕೊಪ್ಪರಿಗೆ ಇದ್ದದ್ದು ಮಣೆಯ ಹಿಂದೆ. ಬಲಗೈ ಹಣೆಗೆ ಹೋಯಿತು, ಸೊಂಟ ಹಿಂದಕ್ಕೆ ಹೊರಳಿತು, ಮೈಯ ಭಾರ ಎಲ್ಲಿಯಾದರೂ ಊರಬೇಕಲ್ಲ. ಅವನು ಭಕ್ತಿಯಿಂದ ಕಣ್ಣು ತುಂಬ ಕೊಪ್ಪರಿಗೆಯನ್ನು ನೋಡಿದ.

"ಯಜಮಾನರೇ" ಎಂದಳು ಅವಳು, "ಈಗ ನಿಮ್ಮ ಎಡಗೈ ಎಲ್ಲಿದೆ ನೋಡಿಕೊಳ್ಳಿ."

ಅವನು ಮುಂದಕ್ಕೆ ತಿರುಗಿ ನೋಡಿದ. ಕಬ್ಬು ಕೈಯಿಂದ ಜಾರಿತ್ತು. ಐದು ಬೆರಳೂ ಉರುಳೆಗಳ ಬಾಯಲ್ಲಿದ್ದವು.

ಎತ್ತು ಹೂಡಿರಲಿಲ್ಲ, ಅದೊಂದು ಪುಣ್ಯ. ಅವನು ಕೈ ತೆಗೆಯಲು ಮರೆತು ಹಾಗೇ ಕೂತುಬಿಟ್ಟ. ಆಮೇಲೆ ಆಳುಗಳ ಎದುರಿನಲ್ಲೇ ಅತ್ತ. "ತಿರುಗಿ ಅಂತ ನಾನೇ ಹೇಳಿದೆನಲ್ಲಾ! ಪೂರ್ತಿ ತಿರುಗಿ ಅಂತ ನಾನೇ ಕಾಯಿ ಒಡೆದು ಹೇಳಿದೆನಲ್ಲಾ!"

ಅಳುವುದು ಮುಗಿದ ಮೇಲೆ ಎದ್ದು ಕೆಲಸ ಮಾಡಿದ, ಅದು ಅವನ ದೊಡ್ಡತನ. ಮಣೆಯನ್ನು ಕಿತ್ತು, ಕೊಪ್ಪರಿಗೆ ಎದುರಿಗೇ ಕಾಣುವ ಹಾಗೆ ಆಚೆ ಬದಿಗೆ ಹಾಕಿಸಿದ. ಎತ್ತು ನಿಂತ ಮೇಲೆಯೇ ಕೂಗು ಹಾಕಬೇಕು ಎಂದು ಗೊತ್ತುಮಾಡಿದ. ಗಾಣ ಒಂದು ಗಳಿಗೆ ಬರಿದಾಗಿದ್ದರೆ ಇರಲಿ ಎಂದ. ನಮಸ್ಕಾರವನ್ನು ಮಾತ್ರ ಬಿಡಿಸಲಿಲ್ಲ. ಬಿಡಿಸಿದ್ದ ಮೂವರ ಮನೆಗೂ ತಾನೇ ನಡೆದು ಹೋಗಿ, ತಪ್ಪು ನಿಮ್ಮದಲ್ಲ ಎಂದು ಹೇಳಿ ಕರೆದುಕೊಂಡು ಬಂದ. ಎತ್ತು ನಿಲ್ಲಿಸುವ ಕೆಲಸವನ್ನು ಮೊದಲು ಬೆರಳು ಕಳೆದುಕೊಂಡವನಿಗೇ ಕೊಟ್ಟ. ಅವನಷ್ಟು ಸರಿಯಾಗಿ ಆ ಕೆಲಸ ಇನ್ನಾರು ಮಾಡಿಯಾರು?

ಆ ನಾಲ್ಕನೆಯವನು ಅದೇ ಗಾಣದಲ್ಲಿ ಹತ್ತು ಬೆರಳೂ ಇಟ್ಟುಕೊಂಡೇ ಮುದುಕನಾದ. ಅವನೇನು ಚುರುಕಿನವನಲ್ಲ, ಕೂತಲ್ಲೇ ತೂಕಡಿಸುವವನು ಅಂತ ಅವನ ಹೆಂಡತಿಯೇ ಆಡಿಕೊಂಡು ನಗುತ್ತಿದ್ದಳಂತೆ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಬುದ್ಧಿ, ನನ್ನದೇ ತಪ್ಪು ಅಂತ ಮುಪ್ಪಯ್ಯ ತಾನೇ ಒಪ್ಪಿಕೊಂಡ."

"ಆ ಮೂವರೂ ಒಪ್ಪಿಕೊಂಡಿದ್ದರು. ಹೋಗಲಿ, ಅನ್ನ ಬಸಿಯುವ ಜಾಗದಲ್ಲಿ ಮುಪ್ಪಯ್ಯ ಜಾರಿದ್ದು ಯಾವ ಕಲ್ಲಿನ ಮೇಲೆ?"

"ಅದನ್ನು ನಾನು ಕೇಳಲಿಲ್ಲ ಬುದ್ಧಿ."

ಅಡುಗೆಮನೆಯ ಕಡೆಯಿಂದ ದೊಡ್ಡ ಹಂಡೆಯನ್ನು ಒಲೆಯಿಂದ ಇಳಿಸುವ ಸದ್ದು ಕೇಳಿಸಿತು. ಗುರುಪಾದ ಅತ್ತ ತಿರುಗಿದ.

ಗುರುಗಳು ಮೆಲ್ಲಗೆ ಹೇಳಿದರು, "ಅನ್ನ ಬಸಿಯುವ ಹೊತ್ತಾಯಿತು ಗುರುಪಾದ, ಹೊಸಬ ಈಗ ಅದೇ ಕಲ್ಲಿನ ಮೇಲೆ ನಿಂತಿದ್ದಾನೆ."