ಗಾಳೆವ್ವ ಕೇಳಿದ ದಾರಿ

ಯಾವ ಕಾಲವೆಂದು ಕೇಳಬೇಡಿ. ದಾರಿಗಳಿಗಿನ್ನೂ ಹೆಸರಿಲ್ಲದ ಕಾಲ. ಎರೆಸೀಮೆಯ ನಟ್ಟನಡುವೆ, ಉಪ್ಪು ಹೇರಿದ ನಲವತ್ತು ಎತ್ತುಗಳ ತಂಡವೊಂದು ದಾರಿ ತಪ್ಪಿ ನಿಂತಿತ್ತಂತೆ. ನೀರು ಕಂಡು ಎರಡು ದಿನವಾಗಿತ್ತಂತೆ. ಮುಂದೆ ಭರಮಣ್ಣ, ತಂಡದ ನಾಯಕ. ಅವನು ಕೆಮ್ಮಿದರೆ ಕಳ್ಳರು ಓಡುತ್ತಿದ್ದರಂತೆ. ನಾಯಕನಿಗೆ ಇನ್ನೇನು ಬೇಕು? ಕೊನೆಯ ಎತ್ತಿನ ಪಕ್ಕ ಗಾಳೆವ್ವ. ಒಂದೂರಲ್ಲಿ ಮೂರು ದಿನ ನಿಲ್ಲದ, ಕಂಡವರನ್ನೆಲ್ಲ ಮಾತಾಡಿಸುವ ಹೆಂಗಸು.

ಕವಲಿನಲ್ಲಿ ಆಡು ಕಾಯುವ ಮುದುಕಿಯೊಬ್ಬಳು ಕೂತಿದ್ದಳು. ಭರಮಣ್ಣ ಗುಡುಗಿದ: "ಏ ಮುದುಕಿ, ಬಾವಿ ದಾರಿ ಇದೇ ಹೌದಲ್ಲ?"

"ಹೌದ್ರೀ ಯಪ್ಪಾ."

ತಂಡ ಹೊರಟಿತು. ಗಾಳೆವ್ವನ ಎತ್ತು ಮಾತ್ರ ಮೊಣಕಾಲೂರಿ ಕುಸಿಯಿತು. ಮುದುಕಿ ಎದ್ದು ಬಂದು, ತನ್ನ ಗಡಿಗೆಯಲ್ಲಿದ್ದ ನೀರನ್ನೆಲ್ಲ ಅದರ ಬಾಯಿಗೆ ಹೊಯ್ದಳಂತೆ.

ಗಾಳೆವ್ವ ಪಕ್ಕದಲ್ಲೇ ಕೂತಳು. ನಿನ್ನೆಯ ಕುರುಬನೂ ಹೌದು ಅಂದಿದ್ದ, ಮೊನ್ನೆಯ ಬುಟ್ಟಿ ಮಾರುವವಳೂ ಹೌದು ಅಂದಿದ್ದಳು. ಎಲ್ಲ ದಾರಿಯೂ ಬಾವಿಗೇ ಹೋಗುವುದಾದರೆ ಬಾವಿ ಎಲ್ಲಿ?

"ಆಯಿ, ಈ ದಾರಿ ಎಲ್ಲಿಗೆ ಹೋಗ್ತೈತಿ?"

"ಸುಣ್ಣದ ಗುಡ್ಡಕ್ಕ. ಅಲ್ಲಿ ಕಾಗಿಗೂ ನೀರಿಲ್ಲ. ಬಾವಿ ಎಡಕ್ಕ, ಅರ್ಧ ಹರದಾರಿ."

"ಮತ್ತ ಹೌದಂದಿಯಲ್ಲ?"

"ಅಷ್ಟು ದೊಡ್ಡ ಮೀಸಿ ಬಂದು ಹೌದಲ್ಲ ಅಂದ್ರ, ಅಲ್ಲ ಅನ್ನಾಕ ನನಗೇನು ಎರಡು ತಲಿ ಅದಾವೇನವ್ವ?"

ಗಾಳೆವ್ವ ಓಡಿ ತಂಡವನ್ನು ತಡೆದಳು. ಭರಮಣ್ಣ ಕೆರಳಿದ. "ನಾಯಕ ನಾನೋ, ನೀನೋ?"

"ನೀನೇ. ಅದಕ್ಕೇ ನಿನಗ ಯಾರೂ ಖರೇ ಹೇಳವಲ್ಲರು."

ಅವನು ಕೋಲೆತ್ತಿದ ಅಂತ ಕೆಲವರು, ನಕ್ಕುಬಿಟ್ಟ ಅಂತ ಕೆಲವರು. ಎತ್ತುಗಳು ಎಡಕ್ಕೆ ತಿರುಗಿದವು ಅನ್ನುವುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಆಮೇಲೆ ಕಳ್ಳರ ಕಾಡಿನಲ್ಲಿ ಭರಮಣ್ಣನೇ ಮುಂದೆ. ಕವಲು ಬಂದರೆ ಅವನೇ ಪಕ್ಕಕ್ಕೆ ಸರಿದು ಗಾಳೆವ್ವನನ್ನು ಕೂಗುತ್ತಿದ್ದನಂತೆ.

ಈಗಲೂ ಆ ಸೀಮೆಯವರು ದಾರಿ ಕೇಳುವಾಗ ತಲೆಯ ಹೊರೆ ಇಳಿಸಿ, ಕೂತು ಕೇಳುತ್ತಾರೆ. "ಇದೇನಾ" ಅನ್ನುವುದಿಲ್ಲ, "ಇದೆಲ್ಲಿಗೆ" ಅನ್ನುತ್ತಾರೆ. ಆ ಕವಲಿನಲ್ಲೊಂದು ಗಡಿಗೆಯಿದೆ; ಬಾವಿ ಕಡೆಯಿಂದ ಬಂದವರು ತುಂಬಿಸಿ ಮುಂದೆ ಹೋಗುತ್ತಾರೆ. ಮೊದಲು ತುಂಬಿಸಿದವಳು ಗಾಳೆವ್ವ. ಅವತ್ತು ಬಾವಿಯ ಹತ್ತಿರ ಎಲ್ಲರೂ ಮುಗಿಬಿದ್ದು ಕುಡಿಯುತ್ತಿದ್ದಾಗ, ತಾನಿನ್ನೂ ತುಟಿ ಒದ್ದೆ ಮಾಡಿಕೊಳ್ಳದೆ, ಗಡಿಗೆ ತುಂಬಿ ಹೊತ್ತು ಅರ್ಧ ಹರದಾರಿ ಹಿಂದಕ್ಕೆ ನಡೆದಳಂತೆ.

"ನಾ ಕೊಟ್ಟಿದ್ದು ಅರ್ಧ ಗಡಿಗಿ," ಅಂದಳಂತೆ ಮುದುಕಿ.

"ಉಳಿದರ್ಧ ನಿನ್ನ ಆಡಿಗೆ," ಅಂದು ಗಾಳೆವ್ವ ಅವಳ ಬೊಗಸೆಗೆ ನೀರು ಬಗ್ಗಿಸಿದಳಂತೆ.